ಗೋದಲಿಯಲ್ಲಿ ಮೆಕ್ಕೆಜೋಳ

ಬೆಳೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಿಕಾರಿಪುರದ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ರೈತರು ಹಳದಿಯಾದ ಎಲೆ, ಸುರುಟಿದ ಎಲೆ, ತೂತು ಬಿದ್ದ ಎಲೆ ತಂದು ತೋರಿಸುತ್ತಾರೆ. ನಾನು ಕನ್ನಡಕ ಏರಿಸಿ ಔಷಧ ಹೇಳುತ್ತೇನೆ. ‘ಗೊಬ್ಬರದ ವಿನ್ಸೆಂಟಣ್ಣ’ ಎಂದರೆ ಸುತ್ತಲ ಹಳ್ಳಿಗೆಲ್ಲ ಗೊತ್ತು. ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಸ್ವಂತವಾಗಿ ಒಂದು ಕಟ್ಟು ಕೊತ್ತಂಬರಿಯನ್ನೂ ಬೆಳೆದಿಲ್ಲ ಎಂಬುದು ಬೇರೆ ಮಾತು. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ!

ಆದ್ದರಿಂದ, ಈ ಸಲ ಕ್ರಿಸ್‌ಮಸ್ ಗೋದಲಿಯ ಪೈರನ್ನು ನಾನೇ ಬೆಳೆಸುತ್ತೇನೆಂದು ಹೆಂಡತಿ ಫಿಲೋಮಿನಾಳ ಮುಂದೆ ಘೋಷಿಸಿದಾಗ ನನಗೆ ಯಾವ ಅಳುಕೂ ಇರಲಿಲ್ಲ. ಗೋದಲಿ ನೋಡದವರಿಗಾಗಿ ಹೇಳುತ್ತೇನೆ. ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ನಾವು ಮನೆಯ ಮೂಲೆಯಲ್ಲಿ ಬೊಂಬೆ ಜೋಡಿಸಿ ಕಟ್ಟುತ್ತೇವೆ. ಸುತ್ತ ಹೊಲ ಕಾಣಬೇಕಲ್ಲ, ಅದಕ್ಕೆ ತಟ್ಟೆಗಳಲ್ಲಿ ಮಣ್ಣು ತುಂಬಿ ಭತ್ತವನ್ನೋ ರಾಗಿಯನ್ನೋ ಮೊದಲೇ ಚೆಲ್ಲಿಡುತ್ತೇವೆ. ಹಬ್ಬದ ಹೊತ್ತಿಗೆ ಅದು ನಾಲ್ಕು ಬೆರಳೆತ್ತರ ಹಸಿರಾಗಿ ನಿಂತಿರಬೇಕು. ಬಾಲಯೇಸುವಿನ ಬೊಂಬೆಯನ್ನು ಮಾತ್ರ ತೆಗೆದಿಟ್ಟು, ಹಬ್ಬದ ಹಿಂದಿನ ರಾತ್ರಿ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಹುಲ್ಲಿನ ತೊಟ್ಟಿಲಲ್ಲಿ ಮಲಗಿಸುತ್ತೇವೆ. ಹುಟ್ಟುವ ಮೊದಲೇ ಮಲಗಿಸಲು ಬರುತ್ತದೆಯೇ!

ಇಷ್ಟಕ್ಕೆಲ್ಲ ಕಾರಣ ಸೊರಬದ ಲಾರೆನ್ಸಣ್ಣ, ನನ್ನ ಷಡ್ಡಕ. ಫಿಲೋಮಿನಾಳ ಅಕ್ಕನ ಗಂಡ. ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತುವ ಕಸುಬು. ಅವರ ಗೋದಲಿಯಲ್ಲಿ ನೀರಿನ ಚಕ್ರ ತಿರುಗುತ್ತದೆ, ದೇವದೂತ ದಾರದ ಮೇಲೆ ಏರಿ ಇಳಿಯುತ್ತಾನೆ. ಒಂದು ವರ್ಷ ಕತ್ತೆ ತಲೆಯನ್ನೂ ಆಡಿಸಿತ್ತು! ನನ್ನ ಅತ್ತೆ ಇರುವುದು ಅವರ ಮನೆಯಲ್ಲೇ. ಯಾರಾದರೂ ಬಂದರೆ ಅತ್ತೆ ಪರಿಚಯ ಮಾಡಿಸುವ ಕ್ರಮ ಹೀಗೆ: “ಇವ್ನು ನಮ್ಮ ಲಾರೆನ್ಸು. ಇವ್ರು ಫಿಲೋಮಿನಾ ಗಂಡ.” ಅವರು ‘ನಮ್ಮ’, ನಾನು ‘ಗಂಡ’. ಹದಿನೈದು ವರ್ಷದಿಂದ ಈ ಮಾತು ನನಗೆ ಚುಚ್ಚುತ್ತಲೇ ಇದೆ. ಅತ್ತೆ ನನ್ನ ಬಗ್ಗೆ ಕೆಟ್ಟ ಮಾತಾಡಿದವರಲ್ಲ. ಒಳ್ಳೆಯ ಮಾತೂ ಬಂದಿರಲಿಲ್ಲ.

ಈ ಸಲ ಅವರೆಲ್ಲ ಕ್ರಿಸ್‌ಮಸ್ ದಿನ ಸಂಜೆ ಮೊದಲ ಸಲ ನಮ್ಮ ಮನೆಗೆ ಬರುವುದೆಂದಾಯಿತು. ಮನೆ ಮನೆಯ ಗೋದಲಿ ನೋಡಲು ಬರುವ ನಮ್ಮ ಫಾದರೂ ಅದೇ ಹೊತ್ತಿಗೆ ಬರುವವರಿದ್ದರು. ಅತ್ತೆಯ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಹೊರಡಿಸಬೇಕು, ಅದೂ ಲಾರೆನ್ಸಣ್ಣನ ಎದುರಿಗೆ. ಇದು ನನ್ನ ಆ ವರ್ಷದ ಆತ್ಮಿಕ ಗುರಿ.

ಆದರೆ ಅವರು ಈ ವರ್ಷ ಏನು ಮಾಡುತ್ತಿದ್ದಾರೆ? ಒಂಟೆ ನಡೆಯುತ್ತದೆಯೇ? ನಕ್ಷತ್ರ ತಿರುಗುತ್ತದೆಯೇ? ಕುತೂಹಲದಿಂದ ನನಗೆ ಅನ್ನ ಸೇರಲಿಲ್ಲ.

“ಅಲ್ರೀ, ಫೋನ್ ಮಾಡಿ ಕೇಳ್ಬಾರ್ದಾ?” ಎಂದಳು ಫಿಲೋಮಿನಾ.

“ಕೇಳಿದ್ರೆ ನಂಗೆ ಆಸಕ್ತಿ ಇದೆ ಅಂತ ಗೊತ್ತಾಗತ್ತೆ.”

“ನಿಮಗೆ ಆಸಕ್ತಿ ಇದೆಯಲ್ಲ?”

ಹೆಂಗಸರಿಗೆ ರಾಜತಂತ್ರ ತಿಳಿಯುವುದಿಲ್ಲ. ಒಂದು ಭಾನುವಾರ ಅಡುಗೆಮನೆಯ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದೆ. ಮಿಕ್ಸಿಗೆ ಏನೂ ಆಗಿರಲಿಲ್ಲ. ಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿದ ನಮ್ಮ ಬಾಲಯೇಸುವೂ ಇತ್ತು. ಅವರದಕ್ಕಿಂತ ನಮ್ಮದು ಎಷ್ಟು ಚಿಕ್ಕದು ಎಂದು ಪಕ್ಕದಲ್ಲಿಟ್ಟು ಅಳೆಯಬೇಕಿತ್ತು! ಆವತ್ತು ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಮಂಡಕ್ಕಿ ತಿಂದುಕೊಂಡು ನೆಮ್ಮದಿಯಾಗಿ ಕೂತಿದ್ದೆ.

ಲಾರೆನ್ಸಣ್ಣ ಮಿಕ್ಸಿಯನ್ನು ಮೂರು ಸಲ ಓಡಿಸಿ ನೋಡಿದರು. “ಎಂತ ಆಗಿದೆ ಮಾರಾಯ್ರೆ ಇದಕ್ಕೆ?”

“ಒಂಥರಾ ಸದ್ದು ಬರತ್ತೆ.”

“ಇಲ್ಲಿ ಬರ್ತಾ ಇಲ್ವಲ್ಲ.”

“ಶಿಕಾರಿಪುರದಲ್ಲಿ ಬರತ್ತೆ,” ಎಂದೆ.

ಪಾಪ, ಅವರು ನಂಬಿ, ಬಿಚ್ಚಿ ನೋಡುತ್ತೇನೆಂದು ಮನೆ ಮುಂದಿನ ಅಂಗಡಿಗೆ ಒಯ್ದರು. ನಾನು ಥಟ್ಟನೆ ಮೂಲೆಯಲ್ಲಿ ಗೋದಲಿಗೆ ಮುಚ್ಚಿದ್ದ ಬೆಡ್‌ಶೀಟ್ ಎತ್ತಿದೆ. ತಟ್ಟೆಗಳಲ್ಲಿ ಭತ್ತ ಆಗಲೇ ಮೊಳೆತಿತ್ತು. ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಅವರ ಬಾಲಯೇಸು. ನಮ್ಮದನ್ನು ಹೊರತೆಗೆದು ಪಕ್ಕದಲ್ಲಿ ಮಲಗಿಸಿದೆ. ಅಯ್ಯೋ! ನಮ್ಮದು ಅರ್ಧ ಬೆರಳು ಗಿಡ್ಡ. ಸಾಲದ್ದಕ್ಕೆ ನಮ್ಮದರ ಮೂಗಿನ ತುದಿ ಒಡೆದಿದೆ. ಅಷ್ಟರಲ್ಲಿ ಹಿಂದೆ ಕಾಫಿ ಲೋಟದ ಸದ್ದು. ಕೈಗೆ ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಗೆ ತುರುಕಿ, ಬೆಡ್‌ಶೀಟ್ ಎಳೆದು ನೆಟ್ಟಗೆ ನಿಂತೆ.

“ಎಂತ ನೋಡ್ತಾ ಇದ್ರಿ?” ಎಂದರು ಅತ್ತೆ.

“ಗೋಡೆ. ಗೋಡೆ ಚೆನ್ನಾಗಿದೆ ಅತ್ತೆ.”

ಸುಣ್ಣ ಕಾಣದೆ ನಾಲ್ಕು ವರ್ಷವಾದ ಗೋಡೆ ಅದು. ಅತ್ತೆ ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನನ್ನೂ ನೋಡಿ ಕಾಫಿ ಕೊಟ್ಟರು. ಮಿಕ್ಸಿಯ ಕಥೆ ಬೇಗ ಮುಗಿಯಿತು. ಬಿಚ್ಚಿ ಜೋಡಿಸಿದ ಮೇಲೆ ಅದಕ್ಕೆ ನಿಜವಾಗಿಯೂ ಒಂಥರಾ ಸದ್ದು ಬರತೊಡಗಿತು.

ವಾಪಸು ಬಂದವನೇ ಕೃಷಿ ಆರಂಭಿಸಿದೆ. ಐದು ತಟ್ಟೆ ಮಣ್ಣು, ಒಳ್ಳೆಯ ಬಿತ್ತನೆ ಭತ್ತ. ಮೊಳಕೆ ಕಣ್ಣು ಬಿಟ್ಟ ಕೂಡಲೇ ಯೂರಿಯಾ. ರೈತರಿಗಾದರೆ ‘ಕಮ್ಮಿ ಹಾಕ್ರಪ್ಪ, ಸುಟ್ಟು ಹೋಗ್ತದೆ’ ಎಂದು ದಿನಕ್ಕೆ ಹತ್ತು ಸಲ ಹೇಳುವವನು ನಾನು. ನಮ್ಮ ಮನೆಯದಲ್ಲವೇ ಎಂಬ ಪ್ರೀತಿಯಿಂದ ತಟ್ಟೆಗೆ ಒಂದೊಂದು ಹಿಡಿ ಹಾಕಿದೆ. ಮೂರನೆಯ ದಿನಕ್ಕೆ ಪೈರು ಹಳದಿ. ಐದನೆಯ ದಿನಕ್ಕೆ ಬೂದಿ!

ಹಬ್ಬಕ್ಕೆ ಉಳಿದದ್ದು ಹನ್ನೆರಡೇ ದಿನ. ಅಂಗಡಿಗೆ ಬಂದ ಬಸಪ್ಪ ಎಂಬ ಹಳೆಯ ಗಿರಾಕಿಯನ್ನು ಮೆಲ್ಲಗೆ ಕೇಳಿದೆ. “ಒಬ್ರು ಮೊಳಕೆಗೆ ಹಿಡಿ ಹಿಡಿ ಯೂರಿಯಾ ಹಾಕಿದಾರೆ. ಏನು ಮಾಡಬಹುದು?”

“ಯಾವನ್ರಿ ಅವ ದಡ್ಡ?”

“ಇದಾನೆ ಒಬ್ಬ. ಗುರುತಿನವ.”

“ಅವ್ನಿಗೆ ಹೊಲ ಮಾರಿ ಬಿಡಾಕ ಹೇಳ್ರಿ,” ಎಂದರು ಬಸಪ್ಪ. ಆಮೇಲೆ ಕನಿಕರ ಬಂದು, “ಲಗೂನ ಹಸಿರಾಗ್ಬೇಕಂದ್ರ ಮೆಕ್ಕಿಜೋಳ ಹಾಕ್ಲಿ. ಹತ್ತು ದಿನಕ್ಕ ಗೇಣುದ್ದ ಬರ್ತೈತಿ,” ಎಂದರು.

ಹತ್ತು ದಿನ ಎಂಬುದು ನನ್ನ ತಲೆಯಲ್ಲಿ ನಿಂತಿತು. ಗೇಣುದ್ದ ಎಂಬುದರ ಬಗ್ಗೆ ನಾನು ಯೋಚಿಸಲೇ ಇಲ್ಲ. ನಮ್ಮ ಗೋದಲಿಯ ಬೊಂಬೆಗಳು ಇರುವುದೇ ಅರ್ಧ ಗೇಣು!

ಹಾಕಿದೆ. ಬೆಳಗ್ಗೆ ಬಿಸಿಲಿಗಿಟ್ಟೆ, ಸಂಜೆ ಒಳಗಿಟ್ಟೆ, ಎರಡು ಸಲ ಟಾನಿಕ್ ಸಿಂಪಡಿಸಿದೆ. ಜೋಳ ನನ್ನ ಮಾತು ಕೇಳಿತು. ಏನು ಕೇಳುವುದು! ಡಿಸೆಂಬರ್ ಇಪ್ಪತ್ತಮೂರಕ್ಕೆ, ಮಗುವನ್ನು ನೋಡಲು ಬಂದ ಮೂವರು ಜ್ಞಾನಿಗಳು ಮುಳುಗಿದರು. ಇಪ್ಪತ್ತನಾಲ್ಕಕ್ಕೆ ಯೇಸುವಿನ ಸಾಕುತಂದೆ ಸಂತ ಜೋಸೆಫರ ತಲೆಯೂ ಕಾಣದಾಯಿತು. ಒಂಟೆಯ ಕಿವಿ ಮಾತ್ರ ಹೊರಗಿತ್ತು.

“ಸ್ವಲ್ಪ ಕತ್ತರಿಸೋಣ್ವೇನ್ರೀ? ಬೆತ್ಲೆಹೇಮ್ ಹೋಗಿ ಕಾಡಾಗಿದೆ,” ಎಂದಳು ಫಿಲೋಮಿನಾ.

“ಮುಟ್ಟಬೇಡ! ಸೊರಬದಲ್ಲಿ ಯಾರ ಮನೇಲೂ ಇಂಥಾ ಹಸಿರಿಲ್ಲ.”

ಹಬ್ಬದ ಸಂಜೆ ಎಲ್ಲರೂ ಬಂದರು. ಅತ್ತೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಲಾರೆನ್ಸಣ್ಣ ಜೋಳದ ಮುಂದೆ ಬಾಯಿ ತೆರೆದು ನಿಂತರು. ಆ ತೆರೆದ ಬಾಯಿ ನೋಡಿ ನನಗಾದ ಸಂತೋಷವನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದೀತು. ಸ್ವಲ್ಪ ಹೊತ್ತಿಗೆ ಫಾದರ್ ಬಂದರು. ಬಗ್ಗಿ ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

“ಬಹಳ ಹಸಿರಾಗಿದೆ, ವಿನ್ಸೆಂಟ್. ಮಗು ಎಲ್ಲಿ?”

“ಒಳಗಿದೆ ಫಾದರ್. ತೊಟ್ಟಿಲಲ್ಲಿ.”

ನಾನು ಜೋಳ ಸರಿಸಿ ಕೈ ಹಾಕಿದೆ. ಕುರಿ ಸಿಕ್ಕಿತು. ಇನ್ನೊಂದು ಕುರಿ ಸಿಕ್ಕಿತು. ತೊಟ್ಟಿಲು ಸಿಕ್ಕಿತು. ತೊಟ್ಟಿಲು ಖಾಲಿ!

“ಏನೇ, ನಿನ್ನೆ ರಾತ್ರಿ ಪೂಜೆಯಿಂದ ಬಂದ ಮೇಲೆ ನೀನು ಮಲಗಿಸ್ಲಿಲ್ವಾ?”

“ನಾನ್ಯಾಕೆ? ಪೈರು ಬಾಗತ್ತೆ, ಕೈ ಹಾಕ್ಬೇಡ ಅಂದೋರು ನೀವು. ನೀವೇ ಮಲಗಿಸಿರ್ತೀರ ಅಂದ್ಕೊಂಡೆ.”

ಅಲ್ಲಿಗೆ ಆರಂಭವಾಯಿತು ಶೋಧ. ನಾನು ಮಂಡಿಯೂರಿ ಕತ್ತರಿಯಿಂದ ಜೋಳ ಕೊಯ್ಯತೊಡಗಿದೆ. ಲಾರೆನ್ಸಣ್ಣ ನನ್ನ ಪಕ್ಕ ಮಂಡಿಯೂರಿದರು. ಫಾದರ್ ನಿಲುವಂಗಿ ಎತ್ತಿಕೊಂಡು ಮಂಡಿಯೂರಿ ಮೊಬೈಲ್ ಬೆಳಕು ಹಿಡಿದರು. ಫಿಲೋಮಿನಾ ಮೇಜಿನ ಕೆಳಗೆ ಹೋದಳು. ಕೈಗೆ ಜ್ಞಾನಿಗಳು ಸಿಗುತ್ತಿದ್ದರು, ಹಸು ಸಿಗುತ್ತಿತ್ತು, ನನ್ನ ಹಳೆಯ ಪೆನ್ನೂ ಸಿಕ್ಕಿತು. ಮಗು ಮಾತ್ರ ಇಲ್ಲ.

“ಹುಡುಕ್ರಿ, ಹುಡುಕ್ರಿ,” ಎಂದರು ಅತ್ತೆ ಕುರ್ಚಿಯಿಂದ. “ಮೂಡಣ ದೇಶದ ಜ್ಞಾನಿಗಳೂ ಹಿಂಗೇ ಹುಡುಕಿದ್ರಂತೆ. ಅವ್ರಿಗೆ ದಾರಿ ತೋರ್ಸಕ್ಕೆ ನಕ್ಷತ್ರ ಆದ್ರೂ ಇತ್ತು.”

ಆಮೇಲೆ ನಿಧಾನಕ್ಕೆ ಕೈಚೀಲ ತೆರೆದು ನನ್ನದೇ ಕರವಸ್ತ್ರದ ಗಂಟನ್ನು ಹೊರತೆಗೆದರು. ಒಳಗೆ ಮೂಗು ಒಡೆದ ಬಾಲಯೇಸು!

“ನಿನ್ನೆ ರಾತ್ರಿ ಪೆಟ್ಟಿಗೆ ತೆಗೀತೀನಿ, ಇಬ್ರು ಮಾರಾಯ್ರೆ!” ಎಂದರು ಲಾರೆನ್ಸಣ್ಣ, ಕಣ್ಣರಳಿಸಿ. “ನಮ್ಮ ಮನೇಲಿ ಅವಳಿ ಮಕ್ಳು ಹೆಂಗೆ ಹುಟ್ಟಿದ್ರು ಅಂತ ನಂಗೆ ಗಾಬರಿ. ಅದು ನಿಮ್ದಾ?”

“ಮೂಗು ನೋಡಿದ ಕೂಡ್ಲೆ ನಂಗೆ ಗುರ್ತು ಸಿಕ್ತು,” ಎಂದರು ಅತ್ತೆ. “ಫಿಲೋಮಿನಾ ಮದುವೆಲಿ ನಾನೇ ಕೊಟ್ಟಿದ್ದು, ಮೂಗು ಒಡೆದಿದ್ದೂ ಆವತ್ತೇ. ಇದು ಅಲ್ಲಿಗೆ ಎಂತಕ್ಕೆ ಬಂತು, ಅಳಿಯಂದ್ರೆ? ಗೋಡೆ ನೋಡಕ್ಕಾ?”

ಸುಳ್ಳು ಹೇಳಲು ಬಾಯಿ ತೆರೆದೆ. ಎದುರಿಗೆ ಗುರುಗಳು ಮಂಡಿಯೂರಿದ್ದಾರೆ, ಅತ್ತೆ ಕೊಟ್ಟ ಬಾಲಯೇಸು ನನ್ನ ಕೈಯಲ್ಲಿದೆ. ಸುಳ್ಳು ಹೊರಡಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಮಿಕ್ಸಿ, ಬೆಡ್‌ಶೀಟ್, ಅರ್ಧ ಬೆರಳಿನ ಅಳತೆ, ಸುಟ್ಟ ಭತ್ತ, ‘ನಮ್ಮ ಲಾರೆನ್ಸು’ ಎಂದಾಗಲೆಲ್ಲ ಆದ ಹೊಟ್ಟೆಯುರಿ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಅವರ ಯೇಸು ದೊಡ್ಡವನೋ ನಮ್ಮ ಯೇಸು ದೊಡ್ಡವನೋ ಎಂದು ಅಳೆದು, ಕೊನೆಗೆ ಯೇಸುವನ್ನೇ ಮರೆತು ಬಸ್ಸು ಹತ್ತಿದ ಏಕೈಕ ಕ್ರೈಸ್ತ ನಾನೇ ಇರಬೇಕು.

ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟ. ಫಾದರ್ ಮಂಡಿಯೂರಿದಲ್ಲಿಂದಲೇ ಕೇಳಿದರು. “ವಿನ್ಸೆಂಟ್, ಜ್ಞಾನಸ್ನಾನದ ದಿನ ನಿಮ್ಮ ತಲೆ ಮೇಲೆ ನೀರು ಹುಯ್ಯುವಾಗ ಏನಂತ ಕರೆದ್ರು?”

“ವಿನ್ಸೆಂಟ್ ಅಂತ, ಫಾದರ್.”

“ಲಾರೆನ್ಸನ ಷಡ್ಡಕ ಅಂತ ಕರೀಲಿಲ್ವಾ?”

“ಇಲ್ಲ ಫಾದರ್.”

“ಹಾಗಾದ್ರೆ ದೇವರಿಗೆ ಆ ಹೆಸರಿನವರು ಯಾರೂ ಗೊತ್ತಿಲ್ಲ. ಗೊತ್ತಿರೋದು ವಿನ್ಸೆಂಟ್. ನೀವು ಬೇರೆಯವರ ಹೆಸರಲ್ಲಿ ಓಡಾಡ್ತಾ ಇದ್ರೆ ಅವನು ಯಾರನ್ನ ಅಂತ ಕರೀಬೇಕು ಹೇಳಿ.”

ಹದಿನೈದು ವರ್ಷ ನಾನು ಲಾರೆನ್ಸಣ್ಣನಿಗಿಂತ ಎಷ್ಟು ಕಮ್ಮಿ ಎಂದು ಲೆಕ್ಕ ಹಾಕಿದ್ದೆನೇ ಹೊರತು, ದೇವರು ನನ್ನನ್ನು ಹೆಸರು ಹಿಡಿದು ಕರೆದಿದ್ದಾನೆ, ಇದ್ದ ಹಾಗೇ ಮಗನೆಂದುಕೊಂಡಿದ್ದಾನೆ ಎಂಬುದನ್ನು ಒಂದು ದಿನವೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಳು ಬಂತು. ಜೋಳದ ಎಲೆ ಕಣ್ಣಿಗೆ ತಾಗಿತು ಎಂದೆ. ಕೊಯ್ದು ಉಳಿದ ಕೂಳೆಯ ನಡುವೆ ಮಗುವನ್ನು ಮಲಗಿಸಿದೆ. ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ಹೇಗೂ ಮಂಡಿಯ ಮೇಲೇ ಇದ್ದೆವು, ಅಲ್ಲೇ ಪ್ರಾರ್ಥನೆಯೂ ಆಯಿತು.

“ಮಗಳನ್ನ ಚೆನ್ನಾಗಿ ನೋಡ್ಕಂಡೋರು ನೀವು,” ಎಂದರು ಅತ್ತೆ ಕಜ್ಜಾಯ ಮುರಿಯುತ್ತ. “ಅದಕ್ಕೇ ಎಲ್ರಿಗೂ ಫಿಲೋಮಿನಾ ಗಂಡ ಅಂತ ಹೇಳ್ತೀನಿ. ಅದ್ರಾಗೆ ತಪ್ಪೆಂತ ಇದೆ?” ಆಮೇಲೆ ಕೊಯ್ದ ರಾಶಿಯನ್ನು ನೋಡಿ, “ಜೋಳ ಮಾತ್ರ ಭಾಳ ಚೆನ್ನಾಗಿ ಬಂದಿತ್ತು,” ಎಂದರು.

ಅಂದಿನಿಂದ ನಾನು ಹೊಸ ಮನುಷ್ಯ. ಯಾರೊಂದಿಗೂ ಹೋಲಿಸಿಕೊಳ್ಳುವುದಿಲ್ಲ ಎಂದು ದಿನಾ ಬೆಳಗ್ಗೆ ಪ್ರಾರ್ಥನೆ ಮಾಡಿ ಅಂಗಡಿಗೆ ಹೋಗುತ್ತೇನೆ. ನಿಜವಾಗಿಯೂ ಮನಸ್ಸು ಹಗುರವಾಗಿತ್ತು. ಹೊಸ ವರ್ಷದ ಮಾರನೆಯ ದಿನ ಲಾರೆನ್ಸಣ್ಣ ಫೋನ್ ಮಾಡಿದರು. ನನ್ನ ಜೋಳ ನೋಡಿ ಅವರಿಗೂ ಹೊಟ್ಟೆ ಉರಿದಿತ್ತಂತೆ. ಮನೆಗೆ ಹೋಗಿ ಅವರೂ ಯೋಚಿಸಿ, ಹೋಲಿಸಿಕೊಳ್ಳುವ ಚಟ ಬಿಟ್ಟಿದ್ದಾರಂತೆ.

“ಒಳ್ಳೇದಾಯ್ತು ಅಣ್ಣ, ದೇವರಿಗೆ ಸ್ತೋತ್ರ,” ಎಂದೆ, ಮನಸಾರೆ. “ಬಿಟ್ಟು ಎಷ್ಟು ದಿನ ಆಯ್ತು?”

“ಐದು ದಿನ.”

“ನಂದು ಎಂಟು!” ಎಂದೆ.

ಫಿಲೋಮಿನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮಾರನೆಯ ಬೆಳಗ್ಗೆಯಿಂದ ಮತ್ತೆ ಒಂದರಿಂದ ಎಣಿಸುತ್ತಿದ್ದೇನೆ.