ಕೌದಿ ಒಗೆದ ಗವಿಸಿದ್ದೇಶ

ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ನೋಡಿಕೊಳ್ಳುವ ಗವಿಸಿದ್ದೇಶನಿಗೆ, ತಿರುಗುವ ಯಂತ್ರ ಯಾವುದೇ ಇರಲಿ, ಅದು ತನ್ನ ಮಾತು ಕೇಳಿಯೇ ಕೇಳುತ್ತದೆ ಎಂಬ ಹೆಮ್ಮೆ. ಹೀಗಾಗಿ ಆ ಭಾನುವಾರ ಬಳ್ಳಾರಿಯ ಮನೆಯಿಂದ ಕುರುಗೋಡಿನ ತವರಿಗೆ ಹೊರಟ ಹೆಂಡತಿ ಹೇಮಾ, ಕೌದಿಯನ್ನು ಮಾತ್ರ ವಾಷಿಂಗ್ ಮಷೀನಿಗೆ ಹಾಕಬೇಡಿ, ಬಂದ ಮೇಲೆ ನಾನೇ ತುಳಿದು ಒಗೆಯುತ್ತೇನೆ ಎಂದಾಗ, ಅದು ತನ್ನ ಕಸುಬಿಗೇ ಮಾಡಿದ ಅವಮಾನದಂತೆ ಕಂಡಿತು.

"ಊರೂರಿಗೆ ಕರೆಂಟ್ ಕಳಸಾವ ನಾನು. ಒಂದು ಕೌದಿ ಒಗಿಯಾಕ ಆಗಂಗಿಲ್ಲೇನು?" ಎಂದು ಅವಳು ಹೋದ ಮೇಲೆ ಕನ್ನಡಿಗೆ ಹೇಳಿದ.

ಕೌದಿ ಸಾಮಾನ್ಯದ್ದಲ್ಲ. ಅವರ ಮದುವೆಗೆಂದು ಅತ್ತೆ ಊರಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಕೈಯಲ್ಲೇ ಹೊಲಿದದ್ದು. ಒಣಗಿದ್ದಾಗಲೇ ಎತ್ತಲು ಇಬ್ಬರು ಬೇಕು. ಅದನ್ನು ಮಷೀನಿನೊಳಗೆ ಮೊಣಕೈಯಿಂದ ಒತ್ತಿ ಒತ್ತಿ ತುಂಬಿ, ಮುಚ್ಚಳ ಹಾಕಿ, ಗುಂಡಿ ಅದುಮಿದ. ನೀರು ಕುಡಿಯುವ ತನಕ ಮಷೀನು ಮರ್ಯಾದೆಯಿಂದಲೇ ಇತ್ತು. ಹಿಂಡುವ ಸರದಿ ಬಂದದ್ದೇ ತಡ, ಕೌದಿ ಒಂದೇ ಮಗ್ಗುಲಿಗೆ ಸರಿದು, ಮಷೀನು ಧಡಧಡ ಕುಣಿಯುತ್ತ ಬಚ್ಚಲುಮನೆಯಿಂದ ನಡುಮನೆಯ ಕಡೆಗೆ ಹೊರಟಿತು. ಪ್ಲಗ್ಗು ಕಿತ್ತರೆ ಸೋಲೊಪ್ಪಿಕೊಂಡಂತೆ. ಗವಿಸಿದ್ದೇಶ ಹಾರಿ ಅದರ ಮೇಲೆಯೇ ಕುಳಿತ. ಮುಖದಲ್ಲಿ ಅಂಬಾರಿ ಏರಿದ ದೊರೆಯ ಗತ್ತು, ಕೆಳಗೆ ಭೂಕಂಪ.

ಆಗ ಹೇಮಾಳ ಫೋನು ಬಂತು.

"ಯಾಕ್ರಿ, ದನಿ ಹಿಂಗ ನಡುಗಾಕತ್ತೈತಿ?"

"ಏ... ಏ... ಏನಿಲ್ಲ."

"ಹಲ್ಲು ಕಟಕಟ ಅನ್ನಾಕತ್ತಾವು. ಚಳಿಜ್ವರ ಬಂದೈತೇನು?"

ನಿಜ ಹೇಳುವುದಕ್ಕಿಂತ ಜ್ವರವೇ ವಾಸಿ ಎನಿಸಿ ಅವನು ಹೂಂ ಎಂದ. ಕೌದಿ ಹೊದ್ದು ಮಲಗಿರಿ, ಅವ್ವನನ್ನೂ ಕರೆದುಕೊಂಡು ಈಗಲೇ ಬಳ್ಳಾರಿ ಬಸ್ಸು ಹತ್ತುತ್ತೇನೆ ಎಂದು ಅವಳು ಫೋನಿಟ್ಟಳು.

ಈಗ ಪ್ಲಗ್ಗು ಕೀಳಲೇಬೇಕಾಯಿತು. ಆದರೆ ನೀರು ಕುಡಿದು ಊದಿದ ಕೌದಿ ಹೊರಗೆ ಬರಲೊಲ್ಲದು. ಅದನ್ನು ಬಿಡಿಸಿಕೊಳ್ಳುವುದರಲ್ಲೇ ಹೊತ್ತು ಹೋಯಿತು. ಅಂತೂ ಎಮ್ಮೆಕರುವನ್ನು ತಬ್ಬಿದಂತೆ ತಬ್ಬಿ ಮಾಳಿಗೆಯ ಮೆಟ್ಟಿಲ ಕಡೆಗೆ ಎಳೆಯುತ್ತಿದ್ದಾಗ, ಬಾಗಿಲಲ್ಲಿ ಆಟೋ ನಿಂತಿತು. ಬೇರೆ ದಾರಿ ಕಾಣದೆ ಕೌದಿಯನ್ನು ಮಂಚದ ಮೇಲೆ ಹರವಿ, ತಾನೂ ಅದರಡಿ ನುಸುಳಿದ. ಈಗ ಬಂದದ್ದು ನಿಜವಾದ ನಡುಕ.

ಹೇಮಾ ನೇರ ಕಷಾಯ ಕಾಯಿಸಲು ಅಡುಗೆಮನೆಗೆ ಹೋದಳು. ಊರಮ್ಮ ಅಳಿಯನ ಹಣೆ ಮುಟ್ಟಿ, ತಣ್ಣಗೆ ಕೊರೆಯುತ್ತಿದೆಯಲ್ಲ ಎಂದು ಗಾಬರಿಯಾದಳು. ಅಷ್ಟರಲ್ಲಿ ಕಾಲಿಗೆ ಏನೋ ತಾಗಿ ಕೆಳಗೆ ನೋಡಿದಳು. ಮಂಚದಿಂದ ತೊಟ್ಟಿಕ್ಕಿದ ನೀರು ಹೊಸ್ತಿಲವರೆಗೂ ಹರಿದಿತ್ತು. ಸೆರಗನ್ನು ಮೂಗಿಗೆ ಹಿಡಿದು ಮಗಳ ಬಳಿಗೆ ಹೋದಳು. ಅವಳ ಪಿಸುಮಾತು ಮಂಚದವರೆಗೂ ಕೇಳಿಸಿತು.

"ಅಳಿಯಂದ್ರಿಗೆ ಏನೂ ಅನಬ್ಯಾಡವ್ವ. ಜ್ವರದಾಗ ದೊಡ್ಡೋರಿಗೂ ಹಿಂಗ ಆಗ್ತೈತಿ."

ಟರ್ಬೈನ್ ಪಳಗಿಸಿದ ಗಂಡಸು ಇದನ್ನು ಹೇಗೆ ತಾಳಿಯಾನು? ಗವಿಸಿದ್ದೇಶ ಕೌದಿಯನ್ನು ಒದ್ದು ಎದ್ದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅತ್ತಿ, ನೀವು ತಿಳಕೊಂಡಂಗ ಅಲ್ಲ. ನಾನು ಕೌದಿ ಒಗದೀನಿ."

ಊರಮ್ಮ ಅವನ ಒದ್ದೆ ಲುಂಗಿಯನ್ನೊಮ್ಮೆ ನೋಡಿ, ಮರುಕದಿಂದ ತಲೆಯಾಡಿಸಿದಳು.

"ಚೊಲೋ ಮಾಡಿದ್ರಿ ಬಿಡ್ರಿ. ಹಂಗಾದ ಮ್ಯಾಲೆ ಒಗಿಯಾಕ ಬೇಕಲ್ಲ."