ಮಿರಜದಿಂದ ಅತ್ತೆಯನ್ನು ತಂದದ್ದು

"ನಿಮ್ಮವ್ವನ್ನ ಹೂವಿನಂಗ ತರ್ತೇನಿ! ದಾರ್ಯಾಗ ಒಂದ ಹರಳು ಧೂಳ ಅವರ ಕಣ್ಣಿಗೆ ಬಿತ್ತಂದ್ರ ನನ್ನ ಹೆಸರು ಪ್ರಭುಲಿಂಗನ ಅಲ್ಲ!"

ಬನಹಟ್ಟಿಯ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ, ಕಂಕುಳಲ್ಲಿ ಹೆಲ್ಮೆಟ್ಟು ಇರುಕಿಕೊಂಡು, ಯುದ್ಧಕ್ಕೆ ಹೊರಟ ದಂಡನಾಯಕನ ಭಂಗಿಯಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ನನ್ನ ಹೆಂಡತಿ ಶ್ರೀದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಹೂವು ಗೀವು ಏನ್ ಬ್ಯಾಡ್ರಿ. ಅವ್ವನ್ನ ಅವ್ವನಂಗ ತರ್ರಿ, ಸಾಕು."

ವಿಷಯ ಇಷ್ಟೇ. ಅವತ್ತು ಊರಿಗೆಲ್ಲ ಇಡೀ ದಿನ ಕರೆಂಟು ಇರಲಿಲ್ಲ. ಕರೆಂಟಿಲ್ಲದ ಮೇಲೆ ನನ್ನ ವಿದ್ಯುತ್ ಮಗ್ಗಗಳಿಗೂ ರಜೆ, ನನಗೂ ರಜೆ. ಇಂಥದೊಂದು ದಿನ ಸಿಕ್ಕರೆ ಗಡಿ ದಾಟಿ ಮಹಾರಾಷ್ಟ್ರದ ನರಸೋಬಾವಾಡಿಗೆ ಗಾಡಿ ಓಡಿಸಿಕೊಂಡು ಹೋಗಿ, ದೇವರ ದರ್ಶನ ಮಾಡಿ, ದೇವರಿಗಿಂತ ಮುಖ್ಯವಾದ ಬಾಸುಂದಿ ತಿಂದು ಬರಬೇಕೆಂದು ನಾವು ಮೂವರು ಗೆಳೆಯರು ಬಹಳ ದಿನಗಳಿಂದ ಹವಣಿಸುತ್ತಿದ್ದೆವು. ನಾನು, ರಬಕವಿಯ ಸೀರೆ ವ್ಯಾಪಾರಿ ಚಿದಾನಂದ ಮತ್ತು ಗಲಗಲಿಯಲ್ಲಿ ಕಬ್ಬು ಬೆಳೆಯುವ ಭೀಮಶಿ. ಶ್ರೀದೇವಿ ಅನುಮತಿ ಕೊಟ್ಟಳು. ಆದರೆ ಒಂದು ಶರತ್ತು! ಹೋದ ತಿಂಗಳು ನಮ್ಮತ್ತೆ ಪದ್ಮವ್ವನವರು ಮಿರಜದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಅಲ್ಲೇ ತಂಗಿಯ ಮನೆಯಲ್ಲಿದ್ದರು. ಬರುವಾಗ ಅವರನ್ನು ಕರೆದುಕೊಂಡು ಬರಬೇಕು.

"ಬೈಕ್ ಮ್ಯಾಲ ಬ್ಯಾಡ್ರಿ, ಬಸ್ಸಿಗೆ ಕರ್ಕೊಂಡ್ ಬರ್ರಿ" ಎಂದಳು.

"ಬಸ್ಸಿನ್ಯಾಗ ಧೂಳ ಇರೂದಿಲ್ಲೇನು? ನನ್ನ ಗಾಡಿ ಅಂದ್ರ ಪಲ್ಲಕ್ಕಿ!" ಎಂದೆ ನಾನು.

ಮೂವರೂ ಒಂದೊಂದು ಬೈಕಿನಲ್ಲಿ ಹೊರಟೆವು; ಹೋಗುವಾಗ ಎಲ್ಲ ಸುಸೂತ್ರ. ಗಡಿಯಾಚೆ ಪೊಲೀಸರು ಹೆಲ್ಮೆಟ್ಟು ಕೇಳುತ್ತಾರೆಂದು ಮೂವರೂ ಗಡಿಗೆಯಂಥ ಕರಿ ಹೆಲ್ಮೆಟ್ಟು ಏರಿಸಿದ್ದೆವು. ಬಾಸುಂದಿಯನ್ನು ಭೀಮಶಿ ತಿಂದ ರೀತಿ ನೋಡಿ ಅಂಗಡಿಯವನೇ ಕೈಮುಗಿದ. ಮಧ್ಯಾಹ್ನ ಮಿರಜಕ್ಕೆ ಬಂದೆವು. ಅತ್ತೆ ತಯಾರಾಗಿ ಬಾಗಿಲಲ್ಲೇ ನಿಂತಿದ್ದರು. ಹಸಿರು ಇಳಕಲ್ ಸೀರೆ, ಆಸ್ಪತ್ರೆಯವರು ಕೊಟ್ಟ ಅಗಲವಾದ ಕರಿ ಕನ್ನಡಕ, ಧೂಳು ತಾಗದಂತೆ ತಲೆ ಮುಖಕ್ಕೆಲ್ಲ ಸುತ್ತಿದ ಬಿಳಿ ಟವೆಲ್ಲು. ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಅವರ ಕಣ್ಣಿನ ಔಷಧ, ಫೋನು ಎಲ್ಲ ಇದ್ದ ಕೈಚೀಲವನ್ನು ಭದ್ರವಾಗಿರಲೆಂದು ನನ್ನ ಗಾಡಿಗೆ ನೇತುಹಾಕಿದೆ. ಅತ್ತೆ ಒಂದೇ ಕಡೆ ಕಾಲು ಇಳಿಬಿಟ್ಟು ಹಿಂದೆ ಕುಳಿತರು.

"ಸಾವಕಾಶ ಹೊಡೀರಿ, ಅಳಿಯಂದಿರ" ಎಂದರು.

ಗಡಿ ದಾಟಿ ಕಾಗವಾಡದ ಹತ್ತಿರ ಬಂದಾಗ ಪೆಟ್ರೋಲು ಹಾಕಿಸಲು ನಿಂತೆವು. ನಮ್ಮ ಕಡೆ ಪೆಟ್ರೋಲು ಅಗ್ಗ ಎಂದು ಮಹಾರಾಷ್ಟ್ರದ ಅರ್ಧ ಗಾಡಿಗಳು ಅಲ್ಲೇ ಇದ್ದವು. ಗೆಳೆಯರಿಬ್ಬರೂ ಹೇಗೋ ಮುಂದೆ ನುಗ್ಗಿ ಹಾಕಿಸಿಕೊಂಡು, "ಉಗಾರದಾಗ ಚಾ ಕುಡ್ಯೂಣು, ಬಾರ್ಲೇ!" ಎಂದು ಹೋಗಿಯೇಬಿಟ್ಟರು. ಹಿಂದೆ ಕುಳಿತವರೆಲ್ಲ ಇಳಿದು ಬೇವಿನ ಮರದ ನೆರಳಲ್ಲಿ ನಿಂತರು. ನಾನು ಟಾಕಿ ತುಂಬಿಸಿ, ಮರದ ಹತ್ತಿರ ಬಂದು, ಹೆಲ್ಮೆಟ್ಟಿನೊಳಗಿಂದಲೇ "ಹತ್ತ್ರಿ" ಎಂದೆ. ಹೆಗಲ ಮೇಲೆ ಒಂದು ಕೈ ಬಿತ್ತು. ಕನ್ನಡಿಯಲ್ಲಿ ಬಿಳಿ ಟವೆಲ್ಲು, ಕರಿ ಕನ್ನಡಕ ಕಂಡಿತು. ಹೊರಟೆ!

ಹೊರಟ ಮೇಲೆ ಒಂದು ಬದಲಾವಣೆ ಗಮನಕ್ಕೆ ಬಂತು. ಇಷ್ಟು ಹೊತ್ತು ಒಂದೇ ಕಡೆ ಕುಳಿತಿದ್ದ ಅತ್ತೆ ಈಗ ಎರಡೂ ಕಡೆ ಕಾಲು ಹಾಕಿ ಗಂಡಸಿನಂತೆ ಕುಳಿತಿದ್ದರು. ಅರೆ! ನನ್ನ ಗಾಡಿ ಓಡಿಸುವಿಕೆಯ ಮೇಲೆ ಅತ್ತೆಗೆ ಅಷ್ಟೊಂದು ನಂಬಿಕೆ ಬಂದಿದೆ ಎಂದು ಎದೆಯುಬ್ಬಿತು. ಉಬ್ಬಿದ ಎದೆಗೆ ತಕ್ಕಂತೆ ವೇಗ ಹೆಚ್ಚಿಸಿದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆನ್ನಿಗೆ ಒಂದು ಗುದ್ದು ಬಿತ್ತು. ಮತ್ತೊಂದು. ಜೊತೆಗೇ ಕೂಗು. ನಾನು ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವನು. ಕಿವಿ ಮೊದಲೇ ಮಂದ. ಮೇಲೆ ಹೆಲ್ಮೆಟ್ಟು, ಗಾಳಿ, ಆಚೆ ಟವೆಲ್ಲು. ಇಷ್ಟನ್ನೆಲ್ಲ ದಾಟಿ ನನಗೆ ಕೇಳಿಸಿದ್ದು "ಸಾಂಬ! ಸಾಂಬ!" ಎಂಬ ಶಿವನಾಮ ಮಾತ್ರ. ಆಹಾ, ಹೊಸ ಕಣ್ಣು ಬಂದ ಸಂತೋಷಕ್ಕೆ ಅತ್ತೆ ಶಿವನನ್ನು ನೆನೆಯುತ್ತಿದ್ದಾರೆ! ನಾನೂ ಹಿಂದೆ ಬೀಳಬಾರದೆಂದು "ಸಾಂಬ ಸದಾಶಿವ!" ಎಂದು ದೊಡ್ಡ ದನಿಯಲ್ಲಿ ಕೂಗಿದೆ. ಹಿಂದಿನಿಂದ ಗುದ್ದುಗಳು ಇಮ್ಮಡಿಯಾದವು. ಭಕ್ತಿಯೂ ಇಮ್ಮಡಿಯಾಯಿತೆಂದು ಆಕ್ಸಿಲರೇಟರ್ ತಿರುವಿದೆ. ಹಿಂದಿನವರು ಈಗ ನನ್ನ ಸೊಂಟವನ್ನು ಎರಡೂ ಕೈಯಿಂದ ಅವಚಿ ಹಿಡಿದರು.

ಉಗಾರದ ಚಹದಂಗಡಿಯ ಮುಂದೆ ಗಾಡಿ ನಿಂತಿತೋ ಇಲ್ಲವೋ, ಹಿಂದಿನವರು ಧುಮುಕಿ ಟವೆಲ್ಲು ಕಿತ್ತೆಸೆದರು. ಕೈಯಲ್ಲಿದ್ದ ಚಹದ ಕಪ್ಪನ್ನು ಹಾಗೇ ಹಿಡಿದು ಭೀಮಶಿ ಕೇಳಿದ:

"ಪ್ರಭ್ಯಾ, ಇವರು ಯಾರಲೇ?"

"ಯಾರ ಅಂದ್ರ? ನಮ್ಮತ್ತಿ!" ಎಂದು ಹೆಲ್ಮೆಟ್ಟು ತೆಗೆದು ತಿರುಗಿದೆ.

ನಮ್ಮತ್ತೆಯಲ್ಲ! ಹಣೆಯ ಮೇಲೆ ಅಡ್ಡ ಹಚ್ಚೆ, ಮೂಗಿನಲ್ಲಿ ಮುತ್ತಿನ ನತ್ತು, ಜನ್ಮದಲ್ಲಿ ಕಂಡರಿಯದ ಒಬ್ಬ ಮುದುಕಿ!

"ಇಳಕಲ್ ಸೀರೀನ ಐತಿ, ಆದ್ರ ಕಚ್ಚಿ ಹಾಕಿ ಉಟ್ಟಾರ" ಎಂದ ಚಿದಾನಂದ. ಸೀರೆ ವ್ಯಾಪಾರಿಯ ಕಣ್ಣು ಅಲ್ಲೂ ಸುಮ್ಮನಿರಲಿಲ್ಲ. "ಗಡಿ ಆಚೇವರೋ ಇವರು. ಒಂದ ದವಾಖಾನಿ ಚಷ್ಮಾ ಇದ್ದಂಗೈತಿ."

ಮುದುಕಿ ರಸ್ತೆಯ ನಡುವೆ ನಿಂತು ಮರಾಠಿಯಲ್ಲಿ ಶುರು ಮಾಡಿದಳು. "ಥಾಂಬ, ಥಾಂಬ" ಎಂದು ಬಡಿದುಕೊಂಡರೂ ಈ ಚಂಡಾಲ ನಿಲ್ಲಿಸಲಿಲ್ಲ, ಅದೇ ಕರಿ ಹೆಲ್ಮೆಟ್ಟು ನೋಡಿ ನನ್ನ ಮಗ ಅಂದುಕೊಂಡು ಹತ್ತಿದೆ, ಎಲ್ಲಿಗೆ ಹೊತ್ತು ತಂದನೋ ಎಂದು! 'ಥಾಂಬ' ಎಂದರೆ ಮರಾಠಿಯಲ್ಲಿ 'ನಿಲ್ಲು'. ಪಾಪ, ಆಕೆ 'ನಿಲ್ಲು ನಿಲ್ಲು' ಎಂದಾಗಲೆಲ್ಲ ನಾನು ಶಿವನಾಮ ಹೇಳಿ ವೇಗ ಹೆಚ್ಚಿಸಿದ್ದೆ!

ಜನ ಸೇರಿದರು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಇಳಿದು ಬಂದ. "ಯಾಕೋ, ಮುದುಕಿ ಕೊಳ್ಳಾಗಿನ ಬಂಗಾರ ನೋಡಿ ಎತ್ಕೊಂಡ್ ಬಂದಿಯೇನು?" ಎಂದು ತೋಳೇರಿಸಿದ. ಚಿದಾನಂದ ವ್ಯಾಪಾರಿಯ ಮರಾಠಿಯಲ್ಲಿ ಕೈಮುಗಿದು ಮುದುಕಿಗೆ ವಿವರಿಸಿದ. ಆಕೆ ಬಯ್ಯುವುದು ನಿಲ್ಲಿಸಿ ಅಳತೊಡಗಿದಳು. ಅದಕ್ಕಿಂತ ಬಯ್ಗುಳವೇ ವಾಸಿಯಿತ್ತು. ಇಲ್ಲಿ ಯಾರದೋ ತಾಯಿ ಅಳುತ್ತಿದ್ದಾಳೆ. ಅಲ್ಲಿ ನಮ್ಮತ್ತೆ, ಒಂದು ಕಣ್ಣು ಇನ್ನೂ ಹಸಿ, ಕೈಯಲ್ಲಿ ಫೋನಿಲ್ಲ, ಔಷಧವಿಲ್ಲ. ಆ ಲಾರಿ ಟ್ರ್ಯಾಕ್ಟರುಗಳ ರಸ್ತೆಯಲ್ಲಿ ತಡಕಾಡುತ್ತಿದ್ದರೆ?

ಆಗಲೇ ಫೋನು ಬಡಿದುಕೊಂಡಿತು. ಶ್ರೀದೇವಿ!

"ಎಲ್ಲಿಗೆ ಬಂದ್ರಿ? ಅವ್ವನ ಕಣ್ಣಿಗೆ ಔಷಧ ಹಾಕೂ ಹೊತ್ತಾತು. ಆಕಿ ಕೈಯಾಗ ಫೋನ್ ಕೊಡ್ರಿ."

"ಅವರು... ಮಲ್ಕೊಂಡಾರ."

"ಗಾಡಿ ಮ್ಯಾಲ?!"

ಭೀಮಶಿಗೆ ಏನು ಹೊಳೆಯಿತೋ, ಫೋನು ಕಸಿದುಕೊಂಡು ಟವೆಲ್ಲು ಬಾಯಿಗೆ ಅಡ್ಡ ಹಿಡಿದು, ಎಮ್ಮೆ ಕರು ಕೂಗಿದಂಥ ಹೆಣ್ಣುದನಿ ತೆಗೆದ.

"ಹೂಂ... ಏನವ್ವಾ ಮಗಳ?"

"ಅವ್ವಾ? ದನಿ ಯಾಕ ಹಂಗಾಗೈತಿ?"

"ಧೂಳ ಬಡದೈತಿ."

"ಧೂಳಾ?! ಔಷಧ ಹಾಕಿದ್ರೇನು?"

"ಹಾಕಿದ್ರು, ಹಾಕಿದ್ರು. ಎರಡೂ ಕಣ್ಣಿಗೆ!"

ಆ ಕಡೆಯಿಂದ ಬಂದ ಸಿಡಿಲು ಸ್ಪೀಕರ್ ಹಾಕದೆಯೇ ಚಹದಂಗಡಿಗೆಲ್ಲ ಕೇಳಿಸಿತು: "ಆಪರೇಶನ್ ಆಗಿದ್ದು ಒಂದ ಕಣ್ಣು! ಇನ್ನೊಂದಕ್ಕ ಯಾಕ ಹಾಕಿದ್ರು? ಫೋನ್ ಅವರ ಕೈಯಾಗ ಕೊಡು!"

ನಾನು ಫೋನು ಆಫ್ ಮಾಡಿದೆ. ಮದುವೆಯಾದ ಮೇಲೆ ಅಂಥ ಧೈರ್ಯ ಮಾಡಿದ್ದು ಅದೇ ಮೊದಲು.

ಮುದುಕಿ ನನ್ನ ಗಾಡಿಯ ಹತ್ತಿರವೂ ಬರಲಿಲ್ಲ. ಚಿದಾನಂದನ ಹಿಂದೆ ಕುಳಿತು, ನನ್ನನ್ನು ಮುಂದೆ ಹೋಗಲು ಹೇಳಿಸಿದಳು. ನನ್ನನ್ನು ಬೆನ್ನ ಹಿಂದೆ ಬಿಟ್ಟುಕೊಳ್ಳಲು ಆಕೆಗೆ ನಂಬಿಕೆಯಿರಲಿಲ್ಲ. ವಾಪಸು ಕಾಗವಾಡದ ಹಾದಿ ಹಿಡಿದೆವು. ಎದುರಿಗೆ ಬರುವ ಪ್ರತಿ ಗಾಡಿಯ ಹಿಂದೆ ಬಿಳಿ ಟವೆಲ್ಲು ಇದೆಯೇ ಎಂದು ಕತ್ತು ಚಾಚುತ್ತ ಹೋದೆ. ಒಂದು ಕಡೆ ರಸ್ತೆ ಪಕ್ಕದಲ್ಲಿ ಬಿಳಿಯದೇನೋ ಬಿದ್ದದ್ದು ಕಂಡು ಗಾಡಿ ನಿಲ್ಲಿಸಿ ಓಡಿದೆ. ಹತ್ತಿರ ಹೋದರೆ ಗೊಬ್ಬರದ ಖಾಲಿ ಚೀಲ. ಅದನ್ನು ನೋಡಿ ನನಗೆ ಅಳು ಬಂತು. ಹೆಲ್ಮೆಟ್ಟಿನೊಳಗೆ ಅತ್ತರೆ ಒರೆಸಿಕೊಳ್ಳುವುದಕ್ಕೂ ಆಗುವುದಿಲ್ಲ, ನೋಡಿ!

ಪಂಪಿನಲ್ಲಿ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಪೆಟ್ರೋಲು ಹಾಕುವವನು ನಮ್ಮನ್ನು ಮೇಲೆ ಕೆಳಗೆ ನೋಡಿದ.

"ಕರಿ ಹೆಲ್ಮೆಟ್, ಕರಿ ಗಾಡಿ, ಕರ್ನಾಟಕದ ನಂಬರ... ನೀವೇನ್ರಿ ಅವರು? ಮೈಸಾಳದ ಹುಡುಗ ಒಬ್ಬ ಬಂದು ಅವರವ್ವನ್ನ ಹುಡಿಕ್ಯಾಡಿ ಹೋದಾ. ಮತ್ತ ಮಂದಿ ಕರ್ಕೊಂಡ್ ಬರ್ತೇನಿ ಅಂದಾನ."

"ಮಂದಿ ಯಾಕಂತ?" ಎಂದ ಭೀಮಶಿ, ದನಿ ತಗ್ಗಿಸಿ.

ಉತ್ತರ ಬೇಕಾಗಲಿಲ್ಲ. ಗಡಿಯ ಕಡೆಯಿಂದ ಗಾಡಿಗಳ ದಂಡೊಂದು ಧೂಳೆಬ್ಬಿಸುತ್ತ ಬಂದು ನಮ್ಮನ್ನು ಸುತ್ತುವರಿಯಿತು. ಮುಂದಿದ್ದವನು ಇಳಿದ. ಆರಡಿ ಆಳು. ಕಣ್ಣು ಕೆಂಪು. ನೇರ ಬಂದು ನನ್ನ ಅಂಗಿಯ ಕಾಲರಿಗೆ ಕೈ ಹಾಕಿದ. ಭೀಮಶಿ ಗಾಳಿ ತುಂಬುವ ಯಂತ್ರದ ಹಿಂದೆ ಅಡಗಿದ. ಅವನ ಗಾತ್ರಕ್ಕೆ ಆ ಯಂತ್ರ ಸಾಲಲಿಲ್ಲ.

"ಆಯಿ ಎಲ್ಲಿ? ನಮ್ಮ ಆಯಿ ಎಲ್ಲಿ ಹೇಳ!"

ನಾನು ಬಾಯಿ ತೆರೆಯುವಷ್ಟರಲ್ಲಿ ಚಿದಾನಂದನ ಹಿಂದಿನಿಂದ ಮುದುಕಿ ಇಳಿದು ಬಂದು ಕೈಯೆತ್ತಿದಳು. ನಾನು ಕಣ್ಣು ಮುಚ್ಚಿದೆ. ಛಟೀರ್! ಸದ್ದು ಬಂತು, ನೋವು ಬರಲಿಲ್ಲ. ಕಣ್ಣು ತೆರೆದರೆ ಆ ಆರಡಿಯವನು ಕೆನ್ನೆ ಹಿಡಿದುಕೊಂಡು ನಿಂತಿದ್ದ. ಹೆತ್ತ ತಾಯಿ ಹತ್ತಿದಳೋ ಬೇರೆಯವಳು ಹತ್ತಿದಳೋ ಗೊತ್ತಾಗದ ಮಗ ಎಂದು ಆಕೆ ಮರಾಠಿಯಲ್ಲಿ ಅವನನ್ನು ತೊಳೆದು ಒಣಗಿಸಿದಳು. ಆಮೇಲೆ ಇಬ್ಬರೂ ಅಪ್ಪಿಕೊಂಡು ಅತ್ತರು. ಅವನ ಹೆಸರು ಸರ್ಜೇರಾವ. ತಾಯಿಯನ್ನು ಮಿರಜದ ಅದೇ ಕಣ್ಣಿನ ಆಸ್ಪತ್ರೆಯಿಂದ ಮೈಸಾಳದ ಮನೆಗೆ ಕರೆದೊಯ್ಯುತ್ತ, ಪೆಟ್ರೋಲಿಗೆಂದು ಇಲ್ಲಿಯವರೆಗೆ ಬಂದಿದ್ದನಂತೆ.

"ಮತ್ತ ನಮ್ಮತ್ತಿ?" ಎಂದೆ.

"ಅವರು ನಮ್ಮ ಮನ್ಯಾಗ ಅದಾರ. ಬಾಗಲಾ ಮುಂದ ಇಳಿಸಿ ನೋಡಿದ್ರ, ನಮ್ಮ ಆಯಿನ ಅಲ್ಲ! ಗಾಬರಿ ಆಗಬಾರದಂತ ಹೆಂಡ್ತಿ ಹತ್ರ ಕುಂಡ್ರಿಸಿ ಬಂದೇನಿ."

ಮತ್ತೆ ಗಡಿ ದಾಟಿದೆವು. ಮೈಸಾಳದವರೆಗೆ ನಾನು ಮನಸ್ಸಿನಲ್ಲಿ ಕ್ಷಮಾಪಣೆಯ ಮಾತುಗಳನ್ನು ಜೋಡಿಸುತ್ತಲೇ ಇದ್ದೆ. ಕಾಲಿಗೆ ಬೀಳುವುದೋ, ಕೈ ಮುಗಿಯುವುದೋ? ಅತ್ತೆ ಅಳುತ್ತಿದ್ದರೆ ಏನು ಹೇಳುವುದು? ಎಚ್ಚರ ತಪ್ಪಿದ್ದರೆ?

ಸರ್ಜೇರಾವನ ಮನೆಯ ಪಡಸಾಲೆಯಲ್ಲಿ ಅತ್ತೆ ಹೊರಸಿನ ಮೇಲೆ, ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಕುಳಿತಿದ್ದರು. ಮುಂದೆ ತಟ್ಟೆಯಲ್ಲಿ ಬಿಸಿ ಬಿಸಿ ಶಿರಾ. ಆ ಮನೆಯ ಸೊಸೆ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದಳು. ನಾನು ಹೋಗಿ ಸಾಷ್ಟಾಂಗ ಬಿದ್ದೆ.

"ಯಾರಪಾ ಅದು? ಅಳಿಯಂದಿರ? ಏಳ್ರಿ, ಶಿರಾ ತಿನ್ರಿ" ಎಂದರು ಅತ್ತೆ, ಏನೂ ಆಗದವರಂತೆ.

ನನ್ನಿಂದ ಔಷಧದ ಬಾಟಲಿ ಇಸಿದುಕೊಂಡು ಆ ಸೊಸೆಯೇ ಬಲಗಣ್ಣಿಗೆ ಹನಿ ಹಾಕಿದಳು. ಹೊತ್ತು ಇನ್ನೂ ಪೂರ್ತಿ ಮೀರಿರಲಿಲ್ಲ. ಆಗಷ್ಟೇ ನನಗೆ ಉಸಿರು ಬಂತು. ಉಸಿರು ಬಂದ ಮೇಲೆ ಫೋನು ಆನ್ ಮಾಡುವ ಧೈರ್ಯವೂ ಬಂತು. ಆನ್ ಆದದ್ದೇ ತಡ, ಬಡಿದುಕೊಂಡಿತು. ನಾನು ಮಾತಾಡದೆ ಸ್ಪೀಕರ್ ಹಾಕಿ ಅತ್ತೆಯ ಕೈಯಲ್ಲಿಟ್ಟೆ. ಅತ್ತೆ ಮಗಳಿಗೆ ಒಂದನ್ನೂ ಬಿಡದೆ, ಕೆಲವನ್ನು ಸೇರಿಸಿಯೂ, ಎಲ್ಲ ಹೇಳಿದರು. ಶ್ರೀದೇವಿ ಆ ಕಡೆಯಿಂದ ಕೂಗಿದಳು:

"ಅಲ್ಲಬೇ ಅವ್ವಾ, ಅವರಿಗಂತೂ ತಿಳೀಲಿಲ್ಲ. ಗಾಡಿ ಹೊಡ್ಯಾಂವ ನಮ್ಮಾಂವ ಅಲ್ಲ ಅಂತ ನಿನಗರ ತಿಳೀಬಾರದಾ?"

"ತಿಳೀದ ಏನು? ಪಂಪ್ ಬಿಟ್ಟು ಚೂರು ಹೋಗೂದ್ರಾಗ ತಿಳೀತು" ಎಂದರು ಅತ್ತೆ, ಶಿರಾ ಅಗಿಯುತ್ತ. "ತೆಗ್ಗು ಬಂದಾಗೊಮ್ಮೆ ಗಾಡಿ ಸಣ್ಣಗ ಮಾಡಿ, 'ಆಯೀ, ಬರೀ ಆಹೇಸ್ ನಾ?' ಅಂತ ಕೇಳತಿದ್ದಾ. ಆರಾಮ ಅದಿಯಲ್ಲಾ ಅಂತ. ನಮ್ಮ ಅಳಿಯಂದಿರು ಹಂಗ ಕೇಳತಾರೇನು? ಅವಾಗ ಖಾತ್ರಿ ಆತು, ಇಂವ ಬ್ಯಾರೆ ಮನಷ್ಯಾ ಅಂತ."

"ಖಾತ್ರಿ ಆದ ಮ್ಯಾಲ ಇಳೀಬೇಕೋ ಬ್ಯಾಡೋ?!"

ಅತ್ತೆ ಕರಿ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡರು.

"ಇಳದ್ರ ಮತ್ತ ನಿನ್ನ ಗಂಡನ ಗಾಡೀನ ಹತ್ತಬೇಕಾಗಿತ್ತಲ್ಲ, ಮಗಳ!"