ಕೊಂಬು ಕಂಡರಾಗದ ಎಕ್ಸ್‌ಎಂಎಲ್ ಪರಿಶೀಲಕರಿಗೆ ಒಂದು ಮನವಿ

ಮಾನ್ಯರೇ,

ಯಾರು ಮಾನ್ಯರು, ಯಾರು ಅಮಾನ್ಯರು ಎಂದು ಎವೆಯಿಕ್ಕುವಷ್ಟರಲ್ಲಿ ತೀರ್ಮಾನಿಸುವ ತಮ್ಮನ್ನು ಹೀಗೆ ಕರೆಯಲು ನನಗೆ ಅಧಿಕಾರವಿದೆಯೋ ಇಲ್ಲವೋ ತಿಳಿಯದು. ತಪ್ಪಿದ್ದರೆ ಎಂದಿನಂತೆ ಕೆಂಪು ಗುರುತು ಹಾಕಿ ಹಿಂದಿರುಗಿಸಬೇಕು. ನಾನು ಕಣ್ಣಾಸ್ಪತ್ರೆಯೊಂದರ ದಾಖಲೆ ವಿಭಾಗದ ಗುಮಾಸ್ತೆ. ಕಾರ್ನಿಯಾ ಕಸಿಗಾಗಿ ಕಾದಿರುವವರ ವಿವರಗಳನ್ನು ಎಕ್ಸ್‌ಎಂಎಲ್ ಎಂಬ, ಕಂಪ್ಯೂಟರ್ ಓದಬಲ್ಲ ಕಡತವಾಗಿಸಿ ಕೇಂದ್ರ ನೋಂದಣಿ ಕಚೇರಿಗೆ ಕಳಿಸುವುದು ನನ್ನ ಕೆಲಸ. ಸ್ಕೀಮಾ ಎಂಬ ನಿಯಮಪಟ್ಟಿ ಹಿಡಿದು ಆ ಕಚೇರಿಯ ಕಂಪ್ಯೂಟರಿನ ಬಾಗಿಲಲ್ಲಿ ಕುಳಿತು, ಅದನ್ನು ಒಳಗೆ ಬಿಡುವುದು ಅಥವಾ ಬಿಡದಿರುವುದು ತಮ್ಮ ಕೆಲಸ.

ಕಳೆದ ತಿಂಗಳು ಆಸ್ಪತ್ರೆಯ ಎದುರಿನ ಓಣಿಯ ದರ್ಜಿ ಅಕ್ಕನ ಕಡತ ಕಳಿಸಿದೆ. ಒಂದು ಕಣ್ಣು ಪೂರ್ತಿ ಮಂಜಾಗಿ, ಇನ್ನೊಂದೂ ಅದೇ ಹಾದಿ ಹಿಡಿದು, ಸೂಜಿಗೆ ದಾರ ಪೋಣಿಸಲು ಪಕ್ಕದಂಗಡಿಯವರನ್ನು ಕರೆಯುವ ಸ್ಥಿತಿಗೆ ಬಂದಿದ್ದ ಅವರ ಹೆಸರು ಶುಕ್ರವಾರ ಸಂಜೆಯೊಳಗೆ ಪಟ್ಟಿಗೆ ಸೇರದಿದ್ದರೆ ಮತ್ತೆ ಆರು ತಿಂಗಳು ಕಾಯಬೇಕಿತ್ತು. ತಾವು ‘ಒಂದನೇ ಸಾಲಿನಲ್ಲಿ ದೋಷ’ ಎಂದು ಉತ್ತರಿಸಿದಿರಿ. ಇಡೀ ಕಡತವೇ ಒಂದು ಸಾಲಿನಲ್ಲಿದ್ದುದರಿಂದ ತಮ್ಮ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ನನ್ನ ಮೇಜಿನ ಕಂಪ್ಯೂಟರಿನಲ್ಲಿರುವ ತಮ್ಮ ಕಿರಿಯ ಸಹೋದರನಾದ ಪರಿಶೀಲಕ ಅದೇ ಕಡತಕ್ಕೆ ಹಸಿರು ಗುರುತು ಕೊಟ್ಟಿದ್ದ. ಅಣ್ಣತಮ್ಮಂದಿರ ನಡುವೆ ಮಾತುಕತೆ ಇಲ್ಲದಿರುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ ಎಂದು ಸುಮ್ಮನಾದೆ.

ಎರಡು ದಿನ ಒಂದೊಂದೇ ಕಾಲಂ ಬದಲಿಸಿ ನೋಡಿದ ಮೇಲೆ ಗುಟ್ಟು ತಿಳಿಯಿತು: ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕೆಂಬುದು ನಿಯಮ, ಮತ್ತು ಕೊಂಬು, ಗುಡಿಸು, ಒತ್ತುಗಳು ತಮ್ಮ ಲೆಕ್ಕದಲ್ಲಿ ಅಕ್ಷರಗಳಲ್ಲ. ಪರೀಕ್ಷಿಸಲೆಂದು ಹೆಸರಿನ ಜಾಗದಲ್ಲಿ ‘ಕಸ’ ಎಂದು ಬರೆದೆ, ಒಳಗೆ ಬಿಟ್ಟಿರಿ. ‘ಮನುಷ್ಯ’ ಎಂದು ಬರೆದೆ, ಹೊರಗೆ ಹಾಕಿದಿರಿ. ಅವಸರದಲ್ಲಿ ನಾನು ತಾರೀಖು ತಪ್ಪಿ, ಅಕ್ಕ ಹುಟ್ಟುವ ಮೊದಲೇ ಆಸ್ಪತ್ರೆಗೆ ದಾಖಲಾದಂತೆ ಬರೆದಿದ್ದನ್ನು ಮಾತ್ರ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಿರಿ. ತಮ್ಮ ಸಹಾಯವಾಣಿಯವರು ಫೋನಿನಲ್ಲಿ, “ಮೇಡಂ, ಅದು ದೋಷ ಅಲ್ಲ, ಅದರ ಮಿತಿ ಅಷ್ಟೆ. ಮುಂದಿನ ಆವೃತ್ತೀಲಿ ನೋಡೋಣ” ಎಂದರು.

ವಿಷಯ ತಿಳಿಸಿದಾಗ ದರ್ಜಿ ಅಕ್ಕ, “ನಮ್ಮಜ್ಜಿ ಇಟ್ಟ ಹೆಸರಮ್ಮ ಅದು. ಹೋಗ್ಲಿ, ಜಾಸ್ತಿ ಇರೋದನ್ನ ಕತ್ತರಿಸಿಬಿಡು. ನಾನು ದಿನಾ ಮಾಡೋದೂ ಅದನ್ನೇ” ಎಂದರು. ಶುಕ್ರವಾರ ನಾಲ್ಕೂವರೆಗೆ ಕೊಂಬು, ಒತ್ತು, ಸೊನ್ನೆ ಎಲ್ಲವನ್ನೂ ಕಿತ್ತು, ಮೂಳೆ ಮಾತ್ರ ಉಳಿದ ಹೆಸರನ್ನು ಕಳಿಸಿದೆ. ತಾವು ಮರುಮಾತಿಲ್ಲದೆ ಸ್ವೀಕರಿಸಿದಿರಿ.

ಹದಿನೇಳು ದಿನಗಳ ಬಳಿಕ, ಕಾರ್ನಿಯಾ ಬಂದಿದೆಯೆಂದು ನೋಂದಣಿ ಕಚೇರಿಯವರು ನೇರ ಅಕ್ಕನಿಗೇ ಫೋನ್ ಮಾಡಿ ಆ ಮೂಳೆ ಹೆಸರನ್ನು ಓದಿದರಂತೆ. ಅಂಥವರು ಇಲ್ಲಿ ಯಾರೂ ಇಲ್ಲವೆಂದು ಅಕ್ಕ ಫೋನ್ ಇಟ್ಟರು. ಪಟ್ಟಿಯ ಮುಂದಿನವರನ್ನು ಕರೆಯುವ ಮೊದಲು ಕಚೇರಿಯವರು ಆಸ್ಪತ್ರೆಗೊಮ್ಮೆ ವಿಚಾರಿಸಿದ್ದರಿಂದ, ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ರಸ್ತೆ ದಾಟಿ ಓಡಿದೆ. ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿ ಕೆಲವು ದಿನಗಳಾದ ಮೇಲೆ ಅಕ್ಕ ನನ್ನ ರವಿಕೆಯ ತೋಳನ್ನು ಹಿಡಿದು ದಿಟ್ಟಿಸಿ, “ಯಾರು ಹೊಲಿದಿದ್ದು ಇದನ್ನ? ಸೊಟ್ಟಗಿದೆ” ಎಂದರು. ಹೊಲಿದವರು ಅವರೇ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಕೊಂಬು ಒತ್ತುಗಳನ್ನೂ ಅಕ್ಷರಗಳ ಮನೆಯವರೆಂದು ಒಪ್ಪಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಾವೆಲ್ಲ ಬೋಳು ಹೆಸರುಗಳೊಂದಿಗೆ ಇನ್ನೊಮ್ಮೆ ಹುಟ್ಟಿಬರುವವರೆಗೆ ಗಡುವನ್ನಾದರೂ ವಿಸ್ತರಿಸಬೇಕು. ಹುಟ್ಟಿದ ತಾರೀಖಿನ ಬಗ್ಗೆ ತಮಗೆ ಹೇಗೂ ತಕರಾರಿಲ್ಲ.

ತಮ್ಮ ಹಸಿರು ಗುರುತನ್ನೇ ನಂಬಿ ಬದುಕುತ್ತಿರುವ
ತಮ್ಮ ವಿಶ್ವಾಸಿ,
ದಾಖಲೆ ವಿಭಾಗದ ಗುಮಾಸ್ತೆ

ತಾ.ಕ.: ಈ ಪತ್ರವನ್ನು ತಮ್ಮ ದೂರು ವಿಭಾಗಕ್ಕೆ ಮೂರು ಬಾರಿ ಕಳಿಸಿದೆ, ಮೂರು ಬಾರಿಯೂ ತಿರಸ್ಕೃತವಾಯಿತು. ನಾಲ್ಕನೆಯ ಬಾರಿ ಏನನ್ನೂ ಬರೆಯದೆ ಖಾಲಿ ಕಳಿಸಿದೆ. ‘ತಮ್ಮ ದೂರು ಎಲ್ಲ ರೀತಿಯಲ್ಲೂ ಸರಿಯಾಗಿದೆ’ ಎಂದು ಕೂಡಲೇ ಉತ್ತರ ಬಂತು.